ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ: ಬೇಡದ ಕೂದಲಿಗೆ ಲೇಸರ್

ಬೇಡದ ಕೂದಲು ತೆಗೆಸುವ ಲೇಸರ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಎರಡೇ ಮಾತು: ನನಗೆ ಆಗುತ್ತದೆಯೇ, ಆದರೆ ಶಾಶ್ವತವೇ? ಎರಡಕ್ಕೂ ಉತ್ತರ ನಿಮ್ಮ ಕೂದಲಿನ ಬಣ್ಣ, ಚರ್ಮದ ಬಣ್ಣ ಮತ್ತು ಹಾರ್ಮೋನುಗಳಲ್ಲಿದೆ. ಯಂತ್ರ ಯಾವುದು ಎಂಬುದು ಆಮೇಲಿನ ಮಾತು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಂಟು ವರ್ಷದಿಂದ ಕೈಕಾಲಿಗೆ ವ್ಯಾಕ್ಸಿಂಗ್ ಮಾಡಿಸುತ್ತಿದ್ದೇನೆ. ಲೇಸರ್ ಮಾಡಿಸಿದರೆ ಕೂದಲು ಬೇರುಸಮೇತ ಸುಟ್ಟುಹೋಗಿ ಮತ್ತೆ ಬರುವುದೇ ಇಲ್ಲವಂತೆ, ನಿಜವೇ? ಹಾಗಿದ್ದರೆ ಒಂದೇ ಸಲಕ್ಕೆ ಯಾಕೆ ಮುಗಿಯುವುದಿಲ್ಲ?

ಕೂದಲು ಬಹಳ ಕಡಿಮೆಯಾಗುವುದು ನಿಜ. ‘ಬರುವುದೇ ಇಲ್ಲ’ ಎನ್ನುವುದು ಹೆಚ್ಚಾಯಿತು.

ಲೇಸರ್ ಎಂದರೆ ಒಂದೇ ತರಂಗಾಂತರದ ಬೆಳಕು. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಆ ಬೆಳಕನ್ನು ಹೀರಿಕೊಂಡು ಕಾಯುತ್ತದೆ. ಬಿಸಿಲಿಗೆ ಹರವಿದ ಬಟ್ಟೆಗಳಲ್ಲಿ ಕಪ್ಪು ಬಟ್ಟೆ ಬೇಗ ಕಾಯುವ ಹಾಗೆ. ಚರ್ಮದ ಹೊರಗೆ ಕಾಣುವ ಕೂದಲು ನಿರ್ಜೀವ, ಅದನ್ನು ಸುಟ್ಟು ಪ್ರಯೋಜನವಿಲ್ಲ. ಕೂದಲನ್ನು ಮತ್ತೆ ಮತ್ತೆ ಹುಟ್ಟಿಸುವ ಜೀವಕೋಶಗಳು ಇರುವುದು ಎರಡು ಕಡೆ: ಕೆಲವು ಮಿಲಿಮೀಟರ್ ಆಳದಲ್ಲಿ ಕೂದಲ ಬುಡದ ಗಡ್ಡೆಯಲ್ಲಿ, ಮತ್ತು ಅದಕ್ಕಿಂತ ಮೇಲೆ, ಎಣ್ಣೆ ಗ್ರಂಥಿಯ ಕೆಳಗಿನ ಸಣ್ಣ ಉಬ್ಬಿನಲ್ಲಿ. ಉಬ್ಬಿನಲ್ಲಿರುವ ಕಾಂಡಕೋಶಗಳಿಗೆ ಸ್ವಂತ ಬಣ್ಣವಿಲ್ಲ. ಕಪ್ಪು ಕೂದಲೆಳೆ ಮೊದಲು ಕಾದು, ಆ ಶಾಖ ಪಕ್ಕಕ್ಕೆ ಹರಿದು ಅವುಗಳನ್ನು ಮುಟ್ಟಬೇಕು. ಆದ್ದರಿಂದ ಲೇಸರ್ ಬೀಳುವ ಹೊತ್ತಿಗೆ ರಂಧ್ರದೊಳಗೆ ಕೂದಲು ಇರಲೇಬೇಕು. ವ್ಯಾಕ್ಸಿಂಗ್‌ನಲ್ಲಿ ಅದನ್ನೇ ಕಿತ್ತು ತೆಗೆದಿರುತ್ತೀರಿ, ಕಾಯಲು ಒಳಗೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಮೊದಲ ಸಿಟ್ಟಿಂಗ್‌ಗೆ 4ರಿಂದ 6 ವಾರ ಮೊದಲೇ ವ್ಯಾಕ್ಸಿಂಗ್, ಥ್ರೆಡಿಂಗ್, ಚಿಮಟದಿಂದ ಕೀಳುವುದು ಎಲ್ಲವನ್ನೂ ನಿಲ್ಲಿಸಿ. ಶೇವ್ ಮಾಡಬಹುದು, ಅದರಿಂದ ಬುಡ ಅಲುಗುವುದಿಲ್ಲ.

ಚರ್ಮ ಸುಡದೆ ಕೂದಲ ಬುಡ ಮಾತ್ರ ಸುಡುವುದು ಹೇಗೆ ಎಂಬುದಕ್ಕೆ ಅಮೆರಿಕದ ಸಂಶೋಧಕರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಸೂತ್ರ ಕೊಟ್ಟರು. ಯಾವುದೇ ವಸ್ತು ಕಾದ ಮೇಲೆ ತಣಿಯಲು ಇಂತಿಷ್ಟು ಸಮಯ ಬೇಕು. ಚರ್ಮದ ತೆಳುವಾದ ಹೊರಪದರ ಕೆಲವೇ ಮಿಲಿಸೆಕೆಂಡುಗಳಲ್ಲಿ ತಣಿಯುತ್ತದೆ, ದಪ್ಪ ಕೂದಲ ಬುಡಕ್ಕೆ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ. ಇವೆರಡರ ನಡುವಿನ ಅವಧಿಯಲ್ಲಿ ಬೆಳಕು ಹಾಯಿಸಿದರೆ ಹೊರಪದರ ತನ್ನ ಶಾಖವನ್ನು ಬಿಟ್ಟುಕೊಡುತ್ತಾ ಉಳಿದುಕೊಳ್ಳುತ್ತದೆ, ಕೂದಲ ಬುಡ ಬಿಟ್ಟುಕೊಡಲಾರದೆ ಬೇಯುತ್ತದೆ. ಇಡೀ ಚಿಕಿತ್ಸೆ ನಿಂತಿರುವುದು ಇಷ್ಟು ಸಣ್ಣ ವ್ಯತ್ಯಾಸದ ಮೇಲೆ. ಜೊತೆಗೆ ಯಂತ್ರದ ತುದಿಯ ತಣ್ಣನೆಯ ಗಾಜು, ತಣ್ಣನೆಯ ಗಾಳಿ ಅಥವಾ ಸ್ಪ್ರೇ ಹೊರಪದರವನ್ನು ಕಾಪಾಡುತ್ತಿರುತ್ತದೆ.

ಇನ್ನು ಒಂದೇ ಸಲಕ್ಕೆ ಮುಗಿಯದಿರುವ ಕಾರಣ. ಪ್ರತಿ ಕೂದಲಿಗೂ ಬೆಳೆಯುವ, ಸೊರಗುವ, ವಿಶ್ರಾಂತಿಯ ಹಂತಗಳಿವೆ. ಎಳೆ ದಪ್ಪ ಕಪ್ಪಾಗಿ ಬುಡಕ್ಕೆ ಅಂಟಿಕೊಂಡಿರುವುದು ಬೆಳೆಯುವ ಹಂತದಲ್ಲಿ ಮಾತ್ರ. ಕಾಲಿನಲ್ಲಿ ಒಂದು ಹೊತ್ತಿಗೆ ಆ ಹಂತದಲ್ಲಿರುವುದು ಸುಮಾರು ಐದರಲ್ಲಿ ಒಂದು ಪಾಲು, ಗದ್ದ ಮತ್ತು ಮೇಲ್ತುಟಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಉಳಿದವು ಮೇಲೇಳುವವರೆಗೆ ಕಾಯಬೇಕು. ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ, ಕಂಕುಳಿಗೆ 6 ವಾರ, ಕಾಲಿಗೆ 8 ವಾರ ಅಥವಾ ಇನ್ನೂ ಹೆಚ್ಚು ಅಂತರ ಇಡುವುದು ಇದಕ್ಕೇ. ಬೇಗ ಮುಗಿಸಬೇಕೆಂದು 15 ದಿನಕ್ಕೊಮ್ಮೆ ಹೋದರೆ ದುಡ್ಡು ದಂಡ, ಚರ್ಮಕ್ಕೂ ಪೆಟ್ಟು.

6ರಿಂದ 8 ಸಿಟ್ಟಿಂಗ್ ಆದಮೇಲೆ, ಚರ್ಮ ಮತ್ತು ಕೂದಲು ಎರಡೂ ಅನುಕೂಲವಾಗಿದ್ದವರಲ್ಲಿ ಮುಕ್ಕಾಲು ಪಾಲೋ ಅದಕ್ಕಿಂತ ಹೆಚ್ಚೋ ಕೂದಲು ಕಡಿಮೆಯಾಗುತ್ತದೆ. ಉಳಿದದ್ದು ತೆಳುವಾಗಿ, ಬಣ್ಣಗೆಟ್ಟು ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಯಂತ್ರಗಳಿಗೆ ಕೊಡುವ ಮಾನ್ಯತೆ ‘ಶಾಶ್ವತ ಇಳಿಕೆ’ ಎಂದು, ‘ಶಾಶ್ವತ ನಿರ್ಮೂಲನ’ ಎಂದಲ್ಲ. ವರ್ಷಕ್ಕೆ ಒಂದೆರಡು ಸಲ ಟಚ್‌ಅಪ್ ಬೇಕಾಗಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ನನ್ನದು ಎಣ್ಣೆಗಪ್ಪು ಬಣ್ಣ. ಬೆಳ್ಳಗಿರುವ ಗೆಳತಿಗೆ ಮಾಡಿದ ಯಂತ್ರದಲ್ಲೇ ನನ್ನ ಕೈಗೂ ಮಾಡಿದರು. ಸಾಲುಸಾಲಾಗಿ ಸುಟ್ಟ ಗುರುತು ಬಿದ್ದು ಈಗ ಕಪ್ಪು ಕಲೆಯಾಗಿದೆ. ಕಪ್ಪಗಿರುವವರಿಗೆ ಲೇಸರ್ ಆಗುವುದೇ ಇಲ್ಲವೇ?

ಆಗುತ್ತದೆ. ನಿಮಗೆ ಆದ ತೊಂದರೆಗೆ ಕಾರಣ ನಿಮ್ಮ ಬಣ್ಣವಲ್ಲ, ಆ ಬಣ್ಣಕ್ಕೆ ಹೊಂದದ ಯಂತ್ರ ಅಥವಾ ಅಳತೆ.

ನಿಮ್ಮ ಚರ್ಮದ ಹೊರಪದರದಲ್ಲೂ ಮೆಲನಿನ್ ಧಾರಾಳವಾಗಿದೆ. ಕೂದಲಿಗೆ ಹೋಗಬೇಕಾದ ಬೆಳಕನ್ನು ಅದು ದಾರಿಯಲ್ಲೇ ಹೀರಿಕೊಂಡು ತಾನೇ ಸುಡುತ್ತದೆ. ಯಾವ ತರಂಗಾಂತರದಲ್ಲಿ ಎಷ್ಟು ಹೀರುತ್ತದೆ ಎನ್ನುವುದರಲ್ಲಿ ಗುಟ್ಟಿದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರನ್ನು ಮೆಲನಿನ್ ಬಹಳ ಹೀರುತ್ತದೆ. ಬೆಳ್ಳನೆಯ ಚರ್ಮ, ಕಪ್ಪು ಕೂದಲು ಇರುವವರಿಗೆ ಅದು ಬಲು ಚೆನ್ನ. 800ರಿಂದ 810ರ ಡಯೋಡ್ ನಡುವಿನದು, ಗೋಧಿ ಬಣ್ಣದಿಂದ ಕಂದು ಬಣ್ಣದವರೆಗೆ ಅನುಭವಿಗಳ ಕೈಯಲ್ಲಿ ಸಲೀಸಾಗಿ ನಡೆಯುತ್ತದೆ. 1064ರ ಎನ್‌ಡಿ-ಯಾಗ್ ಲೇಸರನ್ನು ಮೆಲನಿನ್ ಕಡಿಮೆ ಹೀರುತ್ತದೆ, ಬೆಳಕು ಹೊರಪದರವನ್ನು ದಾಟಿ ಆಳಕ್ಕೆ ಇಳಿಯುತ್ತದೆ. ಕಪ್ಪು ಚರ್ಮಕ್ಕೆ ಇವುಗಳಲ್ಲೆಲ್ಲ ಸುರಕ್ಷಿತವಾದದ್ದು ಇದೇ. ಬದಲಿಗೆ ನೋವು ಸ್ವಲ್ಪ ಜಾಸ್ತಿ, ತೆಳು ಕೂದಲಿನ ಮೇಲೆ ಪರಿಣಾಮ ಕಡಿಮೆ, ಒಂದೆರಡು ಸಿಟ್ಟಿಂಗ್ ಹೆಚ್ಚು ಬೇಕಾಗಬಹುದು.

ಯಂತ್ರ ಒಂದೇ ಆದರೂ ಕಪ್ಪು ಚರ್ಮಕ್ಕೆ ಬೆಳಕಿನ ಅವಧಿಯನ್ನು ಉದ್ದ ಮಾಡಬೇಕು. 3 ಮಿಲಿಸೆಕೆಂಡಿನಲ್ಲಿ ಸುರಿಯುವ ಶಕ್ತಿಯನ್ನು 30 ಮಿಲಿಸೆಕೆಂಡಿನಲ್ಲಿ ಸುರಿದರೆ ಹೊರಪದರಕ್ಕೆ ತಣಿಯಲು ಬಿಡುವು ಸಿಗುತ್ತದೆ. ಶಕ್ತಿಯ ಅಳತೆ, ಅಂದರೆ ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಎಂಬುದನ್ನು ಕೆಳಗಿನಿಂದ ಶುರುಮಾಡಿ ಏರಿಸಬೇಕು. ಈ ಜೂಲ್ ಸಂಖ್ಯೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಲಿಸಲು ಹೋಗಬೇಡಿ. ಬೆಳಕು ಬೀಳುವ ವೃತ್ತ ದೊಡ್ಡದಾದಷ್ಟೂ ಬೆಳಕು ಪಕ್ಕಕ್ಕೆ ಚದುರದೆ ಆಳಕ್ಕೆ ಹೋಗುತ್ತದೆ, ಹಾಗಾಗಿ ಸಣ್ಣ ವೃತ್ತದ 20 ಜೂಲ್ ಮತ್ತು ದೊಡ್ಡ ವೃತ್ತದ 20 ಜೂಲ್ ಒಂದೇ ಅಲ್ಲ.

ಮೊದಲು ಪರೀಕ್ಷಾ ಶಾಟ್ ಕೇಳಿ ಮಾಡಿಸಿಕೊಳ್ಳಿ. ಚಿಕಿತ್ಸೆಯಾಗುವ ಜಾಗದಲ್ಲೇ, ಎದ್ದು ಕಾಣದ ಮೂಲೆಯಲ್ಲಿ ನಾಲ್ಕೈದು ಶಾಟ್ ಹೊಡೆದು ನೋಡುವುದು. ಸರಿಯಾದ ಅಳತೆಯಿದ್ದರೆ ಕೆಲವು ನಿಮಿಷಗಳಲ್ಲಿ ಪ್ರತಿ ಕೂದಲ ಸುತ್ತ ಸಣ್ಣ ಕೆಂಪು ಉಬ್ಬು ಏಳುತ್ತದೆ, ಉಬ್ಬುಗಳ ನಡುವಿನ ಚರ್ಮ ಮಾಮೂಲಾಗಿರುತ್ತದೆ. ಚರ್ಮವೇ ಬೂದು ಬಣ್ಣಕ್ಕೆ ತಿರುಗಿದರೆ, ಶಾಟಿನ ಆಕಾರ ಹಾಗೇ ಅಚ್ಚೊತ್ತಿ ನಿಂತರೆ ಶಕ್ತಿ ಹೆಚ್ಚಾಯಿತೆಂದು ಅರ್ಥ. ಕಪ್ಪು ಚರ್ಮದಲ್ಲಿ ಬೊಬ್ಬೆ ನಿಧಾನವಾಗಿಯೂ ಏಳಬಹುದು, ಆದ್ದರಿಂದ ಕನಿಷ್ಠ 48 ಗಂಟೆ ಕಾದು ನೋಡಿಯೇ ಮುಂದುವರಿಯಲಿ.

ಈಗಿರುವ ಕಪ್ಪು ಕಲೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಮಾಸುತ್ತದೆ. ದಿನವೂ ಸನ್‌ಸ್ಕ್ರೀನ್ ಹಚ್ಚಿ, ಉಜ್ಜಬೇಡಿ, ಚರ್ಮವೈದ್ಯರಿಗೆ ತೋರಿಸಿ. ಕಲೆ ಪೂರ್ತಿ ಮಾಸುವವರೆಗೆ ಆ ಜಾಗಕ್ಕೆ ಮತ್ತೆ ಲೇಸರ್ ಬೇಡ.

ಪ್ರಶ್ನೆ: ಮೊದಲ ಸಿಟ್ಟಿಂಗ್ ಮುಂದಿನ ತಿಂಗಳು. ಹೋಗುವ ಮೊದಲು, ಬಂದ ಮೇಲೆ ಏನೇನು ನೋಡಿಕೊಳ್ಳಬೇಕು? ನೋವಾಗದಂತೆ ಮನೆಯಲ್ಲೇ ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡು ಹೋಗಬಹುದೇ?

ಕ್ರೀಮಿನ ಮಾತು ಮೊದಲು, ಯಾಕೆಂದರೆ ಜೀವಕ್ಕೆ ಅಪಾಯವಾಗಬಲ್ಲದ್ದು ಅದೊಂದೇ. ಲಿಡೊಕೇನ್ ಇರುವ ಕ್ರೀಮನ್ನು ಎರಡೂ ಕಾಲಿಗೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡರೆ ಔಷಧ ರಕ್ತಕ್ಕೆ ಸೇರಿ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಲೇಸರ್‌ಗೆ ಮುನ್ನ ಹೀಗೆ ಹಚ್ಚಿಕೊಂಡ ಇಬ್ಬರು ಯುವತಿಯರು ಸತ್ತ ಮೇಲೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು. ಮೇಲ್ತುಟಿಯಂಥ ಸಣ್ಣ ಜಾಗಕ್ಕೆ, ವೈದ್ಯರು ಹೇಳಿದ ಅಳತೆಯಲ್ಲಿ, ಅವರ ಕಣ್ಣೆದುರಿಗೇ ಹಚ್ಚಿಕೊಳ್ಳಿ. ಕೈಕಾಲಿಗೆ ಅದರ ಅಗತ್ಯವೇ ಇಲ್ಲ. ಶಾಟ್ ಬಿದ್ದಾಗ ಚುರ್ ಎನ್ನುತ್ತದೆ, ಮರುಕ್ಷಣ ಹೋಗುತ್ತದೆ. ತಂಪುಗಾಳಿ ಚೆನ್ನಾಗಿದ್ದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ.

ಹೋಗುವ ಹಿಂದಿನ ದಿನ ಶೇವ್ ಮಾಡಿ. ಹೊರಗೆ ಉದ್ದ ಕೂದಲು ಉಳಿದಿದ್ದರೆ ಬೆಳಕನ್ನು ಅದೇ ಹೀರಿಕೊಂಡು ಚರ್ಮದ ಮೇಲೆ ಬೆಂದು ಅಂಟುತ್ತದೆ, ಬೊಬ್ಬೆಗಳಿಗೆ ಇದೊಂದು ಸಾಮಾನ್ಯ ಕಾರಣ. ಹಾಗೆಂದು ಹೋಗುವ ಮುನ್ನ ಅವಸರದಲ್ಲಿ ಶೇವ್ ಮಾಡಿ ಗೀರಿಕೊಳ್ಳಲೂಬೇಡಿ. ಬ್ಲೀಚ್ ಮಾಡಿದ ಕೂದಲಿಗೆ ಬಣ್ಣವಿಲ್ಲ, ಲೇಸರ್‌ಗೆ ಅದು ಕಾಣುವುದಿಲ್ಲ. ಬಿಸಿಲಿಗೆ ಕಂದಿದ ಚರ್ಮಕ್ಕೆ ಸುಡುವ ಅಪಾಯ ಹೆಚ್ಚು, ಕಂದು ಇಳಿಯುವವರೆಗೆ 4 ವಾರ ಮುಂದೂಡಿ. ಆ ದಿನ ಡಿಯೋಡರೆಂಟ್, ಸೆಂಟ್, ಮೇಕಪ್ ಏನೂ ಬೇಡ.

ವೈದ್ಯರ ಹತ್ತಿರ ಮುಚ್ಚಿಡಬಾರದ ಸಂಗತಿಗಳು: ಡಾಕ್ಸಿಸೈಕ್ಲಿನ್‌ನಂಥ, ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಮಾತ್ರೆ, ಮೊಡವೆಗೆ ತೆಗೆದುಕೊಳ್ಳುವ ಐಸೊಟ್ರೆಟಿನೋಯಿನ್, ತುಟಿಯ ಸುತ್ತ ಆಗಾಗ ಏಳುವ ಹರ್ಪಿಸ್ ಗುಳ್ಳೆ, ಕೀಲಾಯ್ಡ್ (ಗಾಯದ ಕಲೆ ಉಬ್ಬಿ ಗಟ್ಟಿಯಾಗುವುದು) ಬೆಳೆಯುವ ಸ್ವಭಾವ, ತೊನ್ನು, ಗರ್ಭಿಣಿಯಾಗಿದ್ದರೆ ಅದು. ಹರ್ಪಿಸ್ ಇದ್ದವರಿಗೆ ಮುಂಚೆಯೇ ಮಾತ್ರೆ ಶುರುಮಾಡುತ್ತಾರೆ. ಗರ್ಭಿಣಿಯರಿಗೆ ಅವಸರವಿಲ್ಲದ ಚಿಕಿತ್ಸೆ ಇದು, ಹೆರಿಗೆಯವರೆಗೆ ಮುಂದಕ್ಕೆ ಹಾಕುತ್ತೇವೆ. ಹಚ್ಚೆಯ ಮೇಲೆ ಲೇಸರ್ ಬೀಳಲೇಬಾರದು, ಹಚ್ಚೆಯ ಬಣ್ಣವೂ ಬೆಳಕು ಹೀರಿ ಸುಡುತ್ತದೆ. ಮಚ್ಚೆಗಳನ್ನು ಮುಚ್ಚಿ ಮಾಡಬೇಕು.

ಕೋಣೆಯಲ್ಲಿರುವ ಎಲ್ಲರೂ ಆ ತರಂಗಾಂತರಕ್ಕೆ ಹೊಂದುವ ಕನ್ನಡಕ ಹಾಕಿರಬೇಕು. ಸುಟ್ಟ ಕೂದಲಿನ ಹೊಗೆಯನ್ನು ಎಳೆದುಕೊಳ್ಳುವ ಯಂತ್ರವೋ ಒಳ್ಳೆಯ ಗಾಳಿಯೋ ಇರಲಿ, ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ.

ಬಂದ ಮೇಲೆ ಕೆಂಪು, ಉಬ್ಬು ಕೆಲವು ಗಂಟೆಗಳಿಂದ ಒಂದೆರಡು ದಿನ ಇರುತ್ತವೆ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕ್ ಇಟ್ಟರೆ ಸಾಕು. 24ರಿಂದ 48 ಗಂಟೆ ಬಿಸಿನೀರಿನ ಸ್ನಾನ, ಬೆವರಿಳಿಯುವ ವ್ಯಾಯಾಮ, ಈಜು ಬೇಡ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ವಾರ ಕಳೆದಾಗ ಕೂದಲು ಮತ್ತೆ ಬೆಳೆಯುತ್ತಿದೆ ಎಂದು ಅನೇಕರು ಗಾಬರಿಯಾಗುತ್ತಾರೆ. ಅದು ಬೆಂದ ಕೂದಲು ಹೊರಕ್ಕೆ ತಳ್ಳಿಕೊಂಡು ಬರುತ್ತಿರುವುದು, 1ರಿಂದ 3 ವಾರದಲ್ಲಿ ಉದುರುತ್ತದೆ. ಬೆರಳಲ್ಲಿ ಎಳೆದರೆ ತಡೆಯಿಲ್ಲದೆ ಜಾರಿ ಬರುತ್ತದೆ, ಆದರೆ ಕೀಳುವ ಅಭ್ಯಾಸ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಗದ್ದದಲ್ಲಿ ಗಟ್ಟಿ ಕೂದಲು, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಲೇಸರ್ ನಾಲ್ಕು ಸಿಟ್ಟಿಂಗ್ ಆಯಿತು. ಕಡಿಮೆಯಾದ ಹಾಗೆ ಕಂಡು ಮತ್ತೆ ಬರುತ್ತಿದೆ. ಮೋಸ ಹೋದೆನೇ?

ಮೋಸವೇ ಆಗಿರಬೇಕಿಲ್ಲ. ಆದರೆ ಮುಟ್ಟಿನ ಬಗ್ಗೆ ಮೊದಲ ದಿನವೇ ನಿಮ್ಮನ್ನು ಯಾರೂ ಕೇಳಲಿಲ್ಲವೆಂದರೆ ಅದು ತಪ್ಪು.

ನೀವು ಬರೆದಿರುವ ಲಕ್ಷಣ ಪಿಸಿಓಎಸ್‌ನದಿರಬಹುದು, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ತಪ್ಪುವ ತೊಂದರೆ. ಗದ್ದ, ಮೇಲ್ತುಟಿ, ಎದೆಯ ನಡು, ಹೊಕ್ಕುಳ ಕೆಳಗಿನ ಗೆರೆ ಇವು ಪುರುಷ ಹಾರ್ಮೋನುಗಳಿಗೆ ಓಗೊಡುವ ಜಾಗಗಳು. ಹೆಂಗಸರ ದೇಹದಲ್ಲೂ ಆ ಹಾರ್ಮೋನುಗಳು ಸ್ವಲ್ಪ ಇರುತ್ತವೆ. ಪ್ರಮಾಣ ಏರಿದಾಗ ಕಣ್ಣಿಗೇ ಕಾಣದಂತಿದ್ದ ನವಿರು ರೋಮ ದಪ್ಪ ಕಪ್ಪು ಕೂದಲಾಗಿ ಬದಲಾಗುತ್ತದೆ. ಲೇಸರ್ ಇವತ್ತಿನ ಕಪ್ಪು ಕೂದಲನ್ನು ತೆಗೆಯಬಲ್ಲದು. ನಾಳೆ ಪಕ್ಕದ ರೋಮ ಕಪ್ಪಾಗುವುದನ್ನು ಅದು ತಡೆಯಲಾರದು. ಹಾಗಾಗಿ ನೀವು ನೋಡುತ್ತಿರುವುದರಲ್ಲಿ ಸಾಕಷ್ಟು ಹೊಸ ಕೂದಲೇ ಇರಬಹುದು.

ಸ್ತ್ರೀರೋಗ ತಜ್ಞರನ್ನೋ ಹಾರ್ಮೋನು ತಜ್ಞರನ್ನೋ ಕಾಣಿ. ಟೆಸ್ಟೊಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್ ರಕ್ತಪರೀಕ್ಷೆ, ಸಕ್ಕರೆ, ಬೇಕಿದ್ದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಗರ್ಭನಿರೋಧಕ ಮಾತ್ರೆ, ಸ್ಪೈರೊನೊಲ್ಯಾಕ್ಟೋನ್‌ನಂಥ ಔಷಧಗಳ ಪರಿಣಾಮ ಕೂದಲಿನಲ್ಲಿ ಕಾಣಲು ಸುಮಾರು 6 ತಿಂಗಳು ಬೇಕು. ಒಂದೆರಡು ತಿಂಗಳಿಗೇ ಬೇಸತ್ತು ಬಿಡುವವರು ಬಹಳ. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು, ಗಂಡು ಭ್ರೂಣದ ಬೆಳವಣಿಗೆಗೆ ಅದರಿಂದ ತೊಂದರೆ. ತೂಕ ಹೆಚ್ಚಿದ್ದವರು ಸ್ವಲ್ಪ ಇಳಿಸಿದರೂ ಮುಟ್ಟು ಸರಿಹೋಗಲು ನೆರವಾಗುತ್ತದೆ. ಲೇಸರನ್ನು ಇದರ ಜೊತೆಜೊತೆಗೇ ಮುಂದುವರಿಸಬಹುದು. ಸಿಟ್ಟಿಂಗ್‌ಗಳು ಹೆಚ್ಚು ಬೇಕಾಗುತ್ತವೆ, ಮುಗಿದ ಮೇಲೂ ಆಗಾಗ ಹೋಗಬೇಕಾಗುತ್ತದೆ.

ನಡುವಿನ ದಿನಗಳಲ್ಲಿ ಗದ್ದವನ್ನು ಶೇವ್ ಮಾಡಲು ಹಿಂಜರಿಯಬೇಡಿ. ಶೇವ್ ಮಾಡಿದರೆ ಕೂದಲು ದಪ್ಪವಾಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿ ಒರಟೆನಿಸುತ್ತದೆ, ಅಷ್ಟೇ.

ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೇ ವಿಪರೀತವಾಗಿ, ಜೊತೆಗೆ ಧ್ವನಿ ಗಡಸಾಗಿ, ತಲೆಯ ಮುಂಭಾಗ ಬೋಳಾಗುತ್ತಾ ಬಂದರೆ ಲೇಸರ್ ಯೋಚನೆ ಬಿಟ್ಟು ತಕ್ಷಣ ವೈದ್ಯರಲ್ಲಿಗೆ ಹೋಗಿ. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆಯಿದ್ದರೂ ಹೀಗಾಗುತ್ತದೆ.

ಪ್ರಶ್ನೆ: ಕೆನ್ನೆಯ ನವಿರು ಕೂದಲಿಗೆ ಲೇಸರ್ ಮಾಡಿಸಿದೆ. ಆರು ತಿಂಗಳಲ್ಲಿ ದವಡೆಯ ಅಂಚಿನುದ್ದಕ್ಕೂ ಮೊದಲಿಲ್ಲದ ಕಪ್ಪು ಕೂದಲು ಬಂದಿದೆ. ಹೀಗೂ ಆಗುತ್ತದೆಯೇ?

ಆಗುತ್ತದೆ, ಮತ್ತು ಇದನ್ನು ಮೊದಲೇ ಹೇಳದೆ ಕೆನ್ನೆಗೆ ಲೇಸರ್ ಮಾಡುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಂದು ಹಾಗೂ ಕಪ್ಪು ಚರ್ಮದವರಲ್ಲಿ, ಮುಖ ಮತ್ತು ಕುತ್ತಿಗೆಯಲ್ಲಿ, ಹಾರ್ಮೋನು ಏರುಪೇರಿರುವ ಹೆಂಗಸರಲ್ಲಿ ಇದು ಹೆಚ್ಚು. ಬುಡವನ್ನು ಕೊಲ್ಲಲು ಸಾಲದಷ್ಟು ಶಾಖ ಸಿಕ್ಕಾಗ ಮಲಗಿದ್ದ ರೋಮಕ್ಕೆ ಅದು ಕುಮ್ಮಕ್ಕಾಗುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಶಾಟ್ ಬಿದ್ದ ಜಾಗದ ಅಂಚಿನಲ್ಲೇ ಹೊಸ ಕೂದಲು ಕಾಣುವುದು ಆ ಮಾತಿಗೆ ಹೊಂದುತ್ತದೆ.

ನವಿರು ರೋಮದಲ್ಲಿ ಬಣ್ಣವೂ ಇಲ್ಲ, ದಪ್ಪವೂ ಇಲ್ಲ. ಲೇಸರ್‌ಗೆ ಅದು ಗುರಿಯೇ ಅಲ್ಲ. ಈಗ ಬಂದಿರುವ ಕಪ್ಪು ಕೂದಲಿಗೆ ಮಾತ್ರ ಲೇಸರ್ ಫಲ ಕೊಡುತ್ತದೆ: ಸಾಕಷ್ಟು ಶಕ್ತಿಯಲ್ಲಿ, ಸುತ್ತಲಿನ ಚರ್ಮವನ್ನು ತಣ್ಣಗಿಟ್ಟು, ದಪ್ಪ ಕೂದಲಿರುವಲ್ಲಿ ಮಾತ್ರ ಮಾಡಿಸಿ. ಹಾರ್ಮೋನು ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ನಾನು ಗಂಡಸು. ಗಡ್ಡ ಶೇವ್ ಮಾಡಿದರೆ ಕುತ್ತಿಗೆ ತುಂಬ ಗುಳ್ಳೆ, ಕೂದಲು ಚರ್ಮದೊಳಗೇ ಸುತ್ತಿಕೊಳ್ಳುತ್ತದೆ. ಲೇಸರ್‌ನಿಂದ ಗಡ್ಡವನ್ನು ಪೂರ್ತಿ ತೆಗೆಸದೆ ತೆಳು ಮಾಡಿಸಲು ಸಾಧ್ಯವೇ? ಹುಬ್ಬಿನ ನಡುವಿನ ಕೂದಲೂ ತೆಗೆಯುತ್ತಾರೆಯೇ?

ಗುಂಗುರು ಕೂದಲಿನ ಗುಳ್ಳೆಗಳಿಗೆ ಲೇಸರ್ ನಿಜಕ್ಕೂ ಒಳ್ಳೆಯ ಚಿಕಿತ್ಸೆ. ಎಳೆ ತೆಳುವಾದಂತೆ ಚರ್ಮವನ್ನು ಚುಚ್ಚಿ ಒಳಹೋಗುವ ಬಲ ಅದಕ್ಕೆ ಉಳಿಯುವುದಿಲ್ಲ, ಕೆಲವೇ ಸಿಟ್ಟಿಂಗ್‌ಗಳಲ್ಲಿ ಗುಳ್ಳೆ ಇಳಿಯತೊಡಗುತ್ತವೆ. ಆ ಹಂತದಲ್ಲಿ ನಿಲ್ಲಿಸಬಹುದು. ಆದರೆ ತೆಳುವಾಗುವುದು ಎಲ್ಲ ಕಡೆ ಸಮನಾಗಿರುತ್ತದೆಂದು ಹೇಳಲಾಗದು, ಹೋದದ್ದನ್ನು ಮರಳಿ ತರಲೂ ಆಗದು. ಮುಂದೆ ಗಡ್ಡ ಬಿಡುವ ಆಸೆಯಿದ್ದರೆ ಕುತ್ತಿಗೆಗಷ್ಟೇ ಮಾಡಿಸಿ, ಎಲ್ಲಿಯವರೆಗೆ ಎಂಬ ಗೆರೆಯನ್ನು ಕನ್ನಡಿ ಮುಂದೆ ನೀವೇ ಎಳೆದು ತೋರಿಸಿ. ಗಡ್ಡದ ಕೂದಲು ದಟ್ಟ, ಬುಡ ಆಳ, ನೋವು ಬೇರೆಡೆಗಿಂತ ಜಾಸ್ತಿ. ಮೊದಲ ಸಲ ಶಕ್ತಿಯನ್ನು ತಗ್ಗಿಸಿಯೇ ಶುರುಮಾಡಬೇಕು.

ಕಣ್ಣುಗುಳಿಯ ಮೂಳೆಯ ಒಳಬದಿಗೆ, ಅಂದರೆ ಹುಬ್ಬಿನ ಕೆಳಗೆ ಮತ್ತು ರೆಪ್ಪೆಯ ಹತ್ತಿರ, ಲೇಸರ್ ಕೂಡದು. ರೆಪ್ಪೆ ಮುಚ್ಚಿದ್ದರೂ ಬೆಳಕು ದಾಟುತ್ತದೆ. ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲೂ ಮೆಲನಿನ್ ಇದೆ, ಅದಕ್ಕೆ ಆದ ಹಾನಿ ವಾಪಸಾಗದಿರಬಹುದು. ಹುಬ್ಬಿಗೆ ಥ್ರೆಡಿಂಗ್ ಸಾಕು.

ಪ್ರಶ್ನೆ: ವಯಸ್ಸು 54. ಗದ್ದದಲ್ಲಿ ಏಳೆಂಟು ಬಿಳಿ ಕೂದಲು. ಲೇಸರ್ ಮಾಡಿಸಬಹುದೇ?

ಬೇಡ. ಬಿಳಿ ಕೂದಲಲ್ಲಿ ಮೆಲನಿನ್ ಇಲ್ಲ, ಬೆಳಕು ಹಾದುಹೋಗುತ್ತದೆ. ಬಿಳಿ ಕೂದಲಿಗೂ ಲೇಸರ್ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಮಗೆ ಸರಿಹೊಂದುವುದು ಎಲೆಕ್ಟ್ರಾಲಿಸಿಸ್: ಕೂದಲ ರಂಧ್ರದೊಳಗೆ ಅತಿ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸಿ ಬುಡವನ್ನು ಹಾಳುಮಾಡುವುದು. ಅದಕ್ಕೆ ಬಣ್ಣದ ಹಂಗಿಲ್ಲ. ಒಂದೊಂದೇ ಕೂದಲಿಗೆ ಮಾಡಬೇಕಾದ್ದರಿಂದ ಇಡೀ ಕಾಲಿಗೆ ಅಸಾಧ್ಯವೆನ್ನುವಷ್ಟು ನಿಧಾನ, ಏಳೆಂಟು ಕೂದಲಿಗೆ ಹೇಳಿಮಾಡಿಸಿದ್ದು. ಒಂದೇ ಕೂದಲಿಗೆ ಎರಡು ಮೂರು ಸಲ ಬೇಕಾಗಬಹುದು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಹೃದಯ ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಪ್ರಶ್ನೆ: ಮನೆಯಲ್ಲೇ ಮಾಡಿಕೊಳ್ಳುವ ಐಪಿಎಲ್ ಯಂತ್ರ ಕೊಂಡರೆ ಸಾಕಲ್ಲವೇ? 15 ವರ್ಷದ ಮಗಳಿಗೂ ಅದನ್ನೇ ಬಳಸಬಹುದೇ? ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ.

ಐಪಿಎಲ್ ಲೇಸರ್ ಅಲ್ಲ. ಹಲವು ತರಂಗಾಂತರಗಳು ಬೆರೆತ ಬೆಳಕಿನ ಮಿಂಚು. ಮನೆ ಯಂತ್ರದ ಶಕ್ತಿಯನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ತೆಳುಬಣ್ಣದ ಚರ್ಮ, ಕಪ್ಪು ಕೂದಲು ಇದ್ದು, ಪುಸ್ತಿಕೆಯಲ್ಲಿ ಹೇಳಿದ ಅಂತರ ತಪ್ಪಿಸದೆ ಬಳಸಿದರೆ ಕೂದಲು ಕಡಿಮೆಯಾಗುತ್ತದೆ, ಬಿಟ್ಟರೆ ಬಹುಪಾಲು ಮರಳಿ ಬರುತ್ತದೆ. ಪೆಟ್ಟಿಗೆಯ ಮೇಲಿರುವ ಚರ್ಮದ ಬಣ್ಣದ ಪಟ್ಟಿಯನ್ನು ಹಗಲು ಬೆಳಕಲ್ಲಿ ನಿಮ್ಮ ಕೈಗೆ ಹಿಡಿದು ನೋಡಿ. ಗಾಢ ಕಂದು, ಕಪ್ಪು ಚರ್ಮಕ್ಕೆ ಹೆಚ್ಚಿನ ಯಂತ್ರಗಳು ಬೇಡವೆಂದೇ ಬರೆದಿರುತ್ತದೆ. ಬಣ್ಣ ಗುರುತಿಸುವ ಸೆನ್ಸರ್ ಶಾಟ್ ಹೊಡೆಯಲು ಒಪ್ಪದಿದ್ದರೆ ಬೇರೆ ಜಾಗದಲ್ಲಿ ಒತ್ತಿ ಅದನ್ನು ಮೋಸಗೊಳಿಸಲು ಹೋಗಬೇಡಿ.

ಕ್ಯಾನ್ಸರಿನ ಭಯ ಬೇಡ. ಇದು ಎಕ್ಸ್-ರೇ ಥರದ ವಿಕಿರಣವಲ್ಲ, ಕಣ್ಣಿಗೆ ಕಾಣುವ ಬೆಳಕು ಮತ್ತು ಅದರಾಚೆಯ ಅವಗೆಂಪು ಬೆಳಕು. ಕೆಲವು ಮಿಲಿಮೀಟರಿಗಿಂತ ಆಳಕ್ಕೆ ಅದರ ಪ್ರಭಾವವಿಲ್ಲ, ಗರ್ಭಕೋಶ ಅಂಡಾಶಯಗಳನ್ನು ಮುಟ್ಟುವುದಿಲ್ಲ. ಮಚ್ಚೆಯ ಮೇಲೆ ಹೊಡೆದರೆ ಮಾತ್ರ ಅದರ ರೂಪ ಕೆಟ್ಟು, ಮುಂದೆ ಅದರಲ್ಲಿ ಏನಾದರೂ ಬದಲಾವಣೆಯಾದಾಗ ವೈದ್ಯರಿಗೆ ಗುರುತಿಸಲು ಕಷ್ಟವಾಗುತ್ತದೆ.

ಮಗಳಿಗೆ ಮನೆ ಯಂತ್ರ ಬೇಡ, ಅವು ದೊಡ್ಡವರಿಗೆಂದೇ ತಯಾರಾದವು. ಆ ವಯಸ್ಸಿನಲ್ಲಿ ಹಾರ್ಮೋನು ಇನ್ನೂ ನೆಲೆ ನಿಂತಿರುವುದಿಲ್ಲ, ಇವತ್ತು ತೆಗೆದರೆ ಎರಡು ವರ್ಷಕ್ಕೆ ಹೊಸ ಕೂದಲು ಬರಬಹುದು. ಅವಳು ಕೂದಲಿನಿಂದಾಗಿ ಶಾಲೆಗೆ ಹೋಗಲು ಹಿಂಜರಿಯುವಷ್ಟು ನೊಂದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಮುಟ್ಟಿನ ವಿವರ ಹೇಳಿ. ಸದ್ಯಕ್ಕೆ ಶೇವ್ ಮಾಡಿಕೊಳ್ಳಲು ಕಲಿಸಿಕೊಡಿ. ಲೇಸರ್ ಮಾಡಿಸಲೇಬೇಕೆಂದು ವೈದ್ಯರಿಗೂ ಅವಳಿಗೂ ಅನಿಸಿದರೆ ಕ್ಲಿನಿಕ್ಕಿನಲ್ಲಿ, ನೀವು ಜೊತೆಗಿದ್ದು ಮಾಡಿಸಿ.